ಧ್ವನಿ ಪರೀಕ್ಷೆಯಲ್ಲಿ ಪಾಸಾದವರು

ಪ್ರತಿಯೊಬ್ಬ ಮನುಷ್ಯನಿಗೂ ಏನಾದರೊಂದು ವಿಷಯದಲ್ಲಿ ತಾನು ಮೋಸಹೋಗುವವನಲ್ಲ ಎಂಬ ನಂಬಿಕೆ ಇರುತ್ತದೆ. ಕೆಲವರಿಗೆ ಬದನೆಕಾಯಿ ಆರಿಸುವುದರಲ್ಲಿ, ಕೆಲವರಿಗೆ ಅಳಿಯನನ್ನು ಆರಿಸುವುದರಲ್ಲಿ. ನನಗೆ ಆ ನಂಬಿಕೆ ಇದ್ದದ್ದು ನನ್ನ ಕಿವಿಯ ಮೇಲೆ. ಯಾವ ಕನ್ನಡಿಗನಾದರೂ ನನ್ನೆದುರು ನಾಲ್ಕು ಮಾತಾಡಲಿ, ಅವನ ಜಿಲ್ಲೆ ಹೇಳುತ್ತೇನೆ. ಹತ್ತು ಮಾತಾಡಿದರೆ ತಾಲ್ಲೂಕು ಹೇಳುತ್ತೇನೆ. ಇದು ಓದಿ ಬಂದ ವಿದ್ಯೆಯಲ್ಲ. ನಮ್ಮಪ್ಪ ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ವರ್ಗ. ಒಂದು ಊರಿನ ಶಾಲೆಯಲ್ಲಿ ಹುಡುಗರು ನನ್ನ ಮಾತನ್ನು ಆಡಿಕೊಳ್ಳುವುದು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಇನ್ನೊಂದು ಊರು. ಬದುಕಿಕೊಳ್ಳಬೇಕಾದರೆ ಕಿವಿ ಚುರುಕು ಮಾಡಿಕೊಳ್ಳಲೇಬೇಕಿತ್ತು. ಹೀಗಾಗಿ ನನಗೆ ಆರು ಜಿಲ್ಲೆಗಳ ಕನ್ನಡ ಬರುತ್ತದೆ. ಯಾವುದನ್ನೂ ನನ್ನದು ಅಂತ ಹೇಳಿಕೊಳ್ಳುವ ಹಾಗಿಲ್ಲ.

ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರನಾಗಿ ಸೇರಿ, ಇಲ್ಲೇ ತಲೆ ನರೆಸಿಕೊಂಡು, ಪೆಂಡುರ್ತಿಯಲ್ಲಿ ಒಂದು ಫ್ಲ್ಯಾಟ್ ಕೊಂಡ ಮೇಲೆ ಈ ಕಿವಿಗೆ ಇನ್ನಷ್ಟು ಬೆಲೆ ಬಂತು. ಇಲ್ಲಿ ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಪಾರ್ಕಿಂಗ್ ಜಗಳದವರೆಗೆ ಎಲ್ಲವೂ ತೆಲುಗಿನಲ್ಲಿ ನಡೆಯುತ್ತದೆ. ದಿನವಿಡೀ ಅದನ್ನು ಆಡಿ ದಣಿದವರಿಗೆ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ತಿರುಗಿ ನೋಡುತ್ತೇವೆ. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹೊಸದಾಗಿ ಬಂದ ನೌಕಾಪಡೆಯವರನ್ನು ನನ್ನ ಮುಂದೆ ನಿಲ್ಲಿಸಿ, "ಹೇಳಿ ಸರ್, ಇವರದು ಯಾವೂರು?" ಎಂದು ಕೇಳುವುದು ಕಾರ್ಯಕ್ರಮದ ಒಂದು ಭಾಗವೇ ಆಗಿಹೋಗಿತ್ತು. "ಕೋಲೆಬಸವನ ಥರ ತಲೆ ಆಡಿಸ್ಕೊಂಡು ಊರು ಹೇಳ್ತೀರಲ್ಲ, ನಿಮಗೆ ಸಂಕೋಚ ಆಗಲ್ವಾ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಸಂಕೋಚ ಆಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನವೆಂಬರ್ ಬರುವುದನ್ನೇ ಕಾಯುತ್ತಿದ್ದೆ.

ನಮ್ಮ ಮೇಲಿನ ಮಹಡಿಯಲ್ಲಿ ಮಹಾಂತೇಶ ಇದ್ದಾರೆ. ಬೈಲಹೊಂಗಲದವರು, ನೌಕಾಪಡೆಯಿಂದ ನಿವೃತ್ತರಾದವರು. ಹನ್ನೊಂದು ವರ್ಷದಿಂದ ಸಂಜೆ ಆರು ಗಂಟೆಗೆ ನಮ್ಮ ಮನೆಯಲ್ಲಿ ಅವರ ಚಹಾ. ಅಳೆದು ಮಾತಾಡುವ ಮನುಷ್ಯ, ಆದರೆ ಒಂದು ವಿಷಯ ಬಂದರೆ ಅಳತೆ ಮರೆಯುತ್ತಿದ್ದರು: ಅವರು ಇಡಬೇಕೆಂದಿದ್ದ ಹಿಟ್ಟಿನ ಗಿರಣಿ. ಈ ಊರಿನಲ್ಲಿ ರೊಟ್ಟಿಗೆ ಆಗುವಂಥ ಜೋಳದ ಹಿಟ್ಟು ಸಿಗುವುದಿಲ್ಲ ಎಂಬುದು ಅವರ ಕೊರಗು. ನಿವೃತ್ತಿಯ ಹಣದಲ್ಲಿ ಅದಕ್ಕೆಂದೇ ಒಂದು ಪಾಲು ತೆಗೆದಿಟ್ಟಿದ್ದರು, ಮುಖ್ಯರಸ್ತೆಯಲ್ಲಿ ಮಳಿಗೆಯನ್ನೂ ನೋಡಿಟ್ಟಿದ್ದರು. "ಗಿರಣಿ ಮುಂದ ಕುಂದರಾಕ ಒಂದು ಬಾಂಕ್ ಹಾಕಸ್ತೇನ್ರಿ ಸರ. ಹಿಟ್ಟು ಆಗೂತನಕ ನಮ್ಮ ಮಂದಿ ಕುಂತು ಮಾತಾಡ್ಲಿ" ಎನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಹೋಟೆಲ್ ಇಟ್ಟಿರುವ ಭಟ್ಟರು ಮೊಬೈಲಿನಲ್ಲಿ ಒಂದು ಬಳಗ ಕಟ್ಟಿದರು. ಕಣ್ಣಿಗೆ ಕಾಣದ, ಕೈಗೆ ಸಿಗದ ಕ್ರಿಪ್ಟೋ ನಾಣ್ಯಗಳನ್ನು ಕೊಳ್ಳುವುದು ಹೇಗೆ, ಮಾರುವುದು ಯಾವಾಗ ಎಂದು ವಿಶಾಖಪಟ್ಟಣ ಮತ್ತು ವಿಜಯವಾಡದ ಕನ್ನಡಿಗರು ಒಬ್ಬರಿಗೊಬ್ಬರು ಹೇಳಿಕೊಡುವ ಬಳಗ. ನಾವೆಲ್ಲ ಸಂಬಳದ ಜನ. ಇಂಥದ್ದರಲ್ಲಿ ಕೈಯಾಡಿಸುತ್ತೇವೆಂದು ಆಫೀಸಿನವರಿಗೆ ತಿಳಿಯಬಾರದು. ಅದಕ್ಕಿಂತ ಮುಖ್ಯವಾಗಿ ಮನೆಯಲ್ಲಿ ತಿಳಿಯಬಾರದು. ಆದ್ದರಿಂದ ಯಾರೂ ಹೆಸರು ಹೇಳಬಾರದು, ಫೋಟೋ ಹಾಕಬಾರದು ಎಂದು ನಿಯಮವಾಯಿತು. ಹೆಸರಿನ ಬದಲು ಒಂದೊಂದು ತಿಂಡಿ. ಮನೆ ಬಿಟ್ಟು ಬಂದವರ ಬುದ್ಧಿ ನೋಡಿ, ಗುಟ್ಟು ಕಾಪಾಡಿಕೊಳ್ಳಲು ಹೊರಟವರಿಗೂ ಮೊದಲು ನೆನಪಾದದ್ದು ಹೊಟ್ಟೆ. ನಾನು ನಿಪ್ಪಟ್ಟು ಆದೆ. ಕೋಡುಬಳೆ, ಚಕ್ಕುಲಿ, ತಂಬಿಟ್ಟು ಎಲ್ಲರೂ ಬಂದರು. ಬೆಳಿಗ್ಗೆ ಎದ್ದು ಮೊಬೈಲ್ ತೆರೆದರೆ, "ಬೆಲೆ ಇಳಿದಿದೆ, ಹೆದರಬೇಡಿ" ಎಂದು ತಂಬಿಟ್ಟು ಧೈರ್ಯ ಹೇಳುತ್ತಿತ್ತು.

ಆದರೆ ಮುಖ ಇಲ್ಲದ ಕಡೆ ಮೋಸಗಾರ ನುಗ್ಗಿದರೆ? ಇದಕ್ಕೆ ಭಟ್ಟರು ಉಪಾಯ ಹುಡುಕಿದರು. ನನ್ನ ಕಿವಿಯ ಕೀರ್ತಿ ವಿಜಯವಾಡಕ್ಕೂ ಮುಟ್ಟಿತ್ತು. ಫೋನ್ ಮಾಡಿ, "ನೋಡಿ ಮಾರಾಯ್ರೆ, ಕಳ್ಳ ಫೋಟೋ ಕದೀಬಹುದು, ಆಧಾರ್ ಕಾರ್ಡ್ ಬೇಕಾದ್ರೂ ಮಾಡಿಸ್ತಾನೆ. ಊರಿನ ಮಾತು ಎಲ್ಲಿಂದ ಕದೀತಾನೆ? ಸೇರುವವರ ಹತ್ತಿರ ನೀವು ಒಂದು ಹತ್ತು ನಿಮಿಷ ಮಾತಾಡಿ. ಅಸಲಿ ಅಂತ ನೀವು ಹೇಳಿದ್ರೆ ನಾನು ಬಾಗಿಲು ತೆರೀತೇನೆ. ಪರೀಕ್ಷೆ ಮಾಡೋದು ನೀವು ಅಂತ ನನಗೊಬ್ಬನಿಗೇ ಗೊತ್ತಿರ್ತದೆ" ಎಂದರು. ಒಬ್ಬ ಮನುಷ್ಯನ ಜಂಬಕ್ಕೆ ಇದಕ್ಕಿಂತ ಹೆಚ್ಚಿನ ಮೇವು ಬೇಕೇ? ಒಪ್ಪಿಕೊಂಡೆ. ನಂಬರ್ ಕಾಣದ ಆ್ಯಪಿನಲ್ಲಿ, ನಿಪ್ಪಟ್ಟು ಎಂದಷ್ಟೇ ಹೇಳಿಕೊಂಡು, ಬಾಯಿಗೆ ಟವೆಲ್ ಅಡ್ಡ ಹಿಡಿದು, ದನಿ ದಪ್ಪ ಮಾಡಿ, ಮೈಸೂರಿನ ಕಡೆಯವನಂತೆ ಮಾತಾಡಿ ಪರೀಕ್ಷೆ ನಡೆಸುತ್ತಿದ್ದೆ. ನಿಮ್ಮ ಕಡೆ ಹಬ್ಬಕ್ಕೆ ಏನು ಮಾಡ್ತಾರೆ, ಸಿಟ್ಟು ಬಂದರೆ ಅಜ್ಜಿ ಏನಂತ ಬೈತಿದ್ದರು, ಇಂಥ ಪ್ರಶ್ನೆಗಳು. ಒಂದು ದಿನ ಆ ಕಡೆಯಿಂದ ಬಂದ ದನಿ ನಮ್ಮ ಮಹಾಂತೇಶರದು. ನಗು ತಡೆದುಕೊಂಡು ಎಲ್ಲ ಪ್ರಶ್ನೆ ಕೇಳಿದೆ, ಅವರೂ ಗಂಭೀರವಾಗಿ ಉತ್ತರ ಹೇಳಿದರು. ಆ ಸಂಜೆ ಚಹಾಕ್ಕೆ ಬಂದಾಗ ಇಬ್ಬರೂ ಅದರ ಮಾತೆತ್ತಲಿಲ್ಲ.

ಗಿರ್ಮಿಟ್ ಎಂಬ ಹೆಸರಿನಲ್ಲಿ ಒಬ್ಬಾತ ಬಂದದ್ದು ಆಮೇಲೆ. ಹಿರೇಕೆರೂರು ಸೀಮೆಯ ಮಾತು, ಒಂದಿಷ್ಟೂ ಕಲಬೆರಕೆ ಇಲ್ಲ. ನಾನು ಐದನೇ ಇಯತ್ತೆ ಓದಿದ್ದು ಆ ಕಡೆಯೇ. ಹತ್ತು ನಿಮಿಷದ ಪರೀಕ್ಷೆ ಮುಕ್ಕಾಲು ಗಂಟೆ ನಡೆಯಿತು. ತನ್ನ ಅವ್ವ ಎಮ್ಮೆಯನ್ನು ಹೆಸರು ಹಿಡಿದು ಕರೆಯುತ್ತಿದ್ದ ರಾಗವನ್ನು ಆತ ಫೋನಿನಲ್ಲೇ ಕೂಗಿ ತೋರಿಸಿದ. ನನಗೆ ಕಣ್ಣು ತುಂಬಿ ಬಂತು. ದನದ ಆಸ್ಪತ್ರೆಯ ಅಂಗಳದಲ್ಲಿ ಅಪ್ಪ ನಿಂತಿದ್ದಂತೆ ಆಯಿತು. "ಅಪ್ಪಟ ಅಸಲಿ" ಎಂದು ಭಟ್ಟರಿಗೆ ತಿಳಿಸಿದೆ. ಇಂದಿಗೂ ಹೇಳುತ್ತೇನೆ, ಆ ಕನ್ನಡ ಅಸಲಿಯೇ.

ಗಿರ್ಮಿಟ್ ಎಲ್ಲರಿಗೂ ಬೇಕಾದವನಾದ. ಕೆಲವು ದಿನಗಳ ನಂತರ ತಾನು ವ್ಯವಹಾರ ಮಾಡುವ ಒಂದು ವೆಬ್‌ಸೈಟ್ ತೋರಿಸಿದ. ಅಲ್ಲಿ ನಾಣ್ಯ ಇಟ್ಟರೆ ಅದು ದಿನದಿನಕ್ಕೆ ಬೆಳೆಯುವುದು ಗೆರೆ ಗೆರೆಯಾಗಿ ಕಾಣುತ್ತಿತ್ತು. ಮೊದಮೊದಲು ಹಾಕಿದವರಿಗೆ ಲಾಭ ಕೈಗೂ ಬಂತು. ನಾನು ಜಿಪುಣ, ಅಷ್ಟಿಷ್ಟು ಹಾಕಿದೆ. ಇತರರು ಗಟ್ಟಿ ಮನಸ್ಸು ಮಾಡಿದರು.

ಅದೇ ದಿನಗಳಲ್ಲಿ ವಿಜಯವಾಡದಿಂದ ಇನ್ನೊಂದು ಕರೆ ಪರೀಕ್ಷೆಗೆ ಬಂತು. ಹೆಣ್ಣುಮಗಳು. ಆಕೆ ಆರಿಸಿಕೊಂಡ ಹೆಸರು ಪುಳಿಹೋರ. ಪುಳಿಯೋಗರೆಗೆ ತೆಲುಗಿನವರು ಹೇಳುವ ಹೆಸರು ಅದು. ಅಲ್ಲಿಯೇ ನನ್ನ ಹುಬ್ಬು ಮೇಲೇರಿತು. "ನಾನು ಇಲ್ಲೇ ಪುಟ್ಟಿ ಪೆರಗಿದ್ದು ಅಂಕಲ್. ಅಂದ್ರೆ, ಹುಟ್ಟಿ ಬೆಳೆದಿದ್ದು. ನಿಮ್ಮ ಗ್ರೂಪಲ್ಲಿ ಒಂದು ವಿಷಯ ಚೆಪ್ಪಬೇಕು, ಹೇಳಬೇಕಂಡಿ, ಆ ವೆಬ್‌ಸೈಟ್ ಉಂದಿ ಕದಾ, ಇದೆಯಲ್ಲ..." ಎಂದಳು. ಮುಂದೆ ಏನು ಹೇಳುತ್ತಿದ್ದಳೋ, ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಕಿವಿ ಅಷ್ಟು ಹೊತ್ತಿಗೆ ಅಂಕ ಹಾಕಿ ಮುಗಿಸಿತ್ತು. "ಮೊದಲು ಮನೇಲಿ ಅಮ್ಮನ ಹತ್ತಿರ ಕನ್ನಡ ಮಾತಾಡಿ ಅಭ್ಯಾಸ ಮಾಡ್ಕೊಮ್ಮ, ಆಮೇಲೆ ಬಾ" ಎಂದು ಫೋನ್ ಇಟ್ಟೆ. ಎರಡು ನಿಮಿಷವೂ ಆಗಿರಲಿಲ್ಲ. ಭಟ್ಟರಿಗೆ "ನಕಲಿ" ಎಂದು ತಿಳಿಸಿದೆ.

ಮೂರು ವಾರದ ನಂತರ ವೆಬ್‌ಸೈಟ್ ಮುಚ್ಚಿತು. ಹಣ ವಾಪಸು ಬೇಕಾದರೆ ಮೊದಲು ತೆರಿಗೆ ಕಟ್ಟಿ ಎಂದಿತು. ಕೆಲವರು ಅದನ್ನೂ ಕಟ್ಟಿದರು. ಆಮೇಲೆ ಪುಟವೇ ತೆರೆಯಲಿಲ್ಲ. ಗಿರ್ಮಿಟ್ ಬಳಗದಿಂದ ಮಾಯವಾಗಿದ್ದ. ಬಳಗದಲ್ಲಿ ಎಲ್ಲರ ಬೈಗುಳ ನಿಪ್ಪಟ್ಟಿನ ಮೇಲೆ ಬಿತ್ತು. ಚಕ್ಕುಲಿ ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಬಾಯಿ ಬಿಡಲಿಲ್ಲ. ನಿಪ್ಪಟ್ಟು ಯಾರೆಂದು ಯಾರಿಗೂ ತಿಳಿಯದು, ಭಟ್ಟರು ಹೇಳುವವರಲ್ಲ. ಗುಟ್ಟು ಕಾಪಾಡಲು ಮಾಡಿದ ನಿಯಮ ಕೊನೆಗೆ ನನ್ನೊಬ್ಬನನ್ನೇ ಕಾಪಾಡಿತು.

ಮಹಾಂತೇಶರು ಗಿರಣಿಯ ಹಣವನ್ನೆಲ್ಲ ಹಾಕಿದ್ದರೆಂದು ನನಗೆ ಗೊತ್ತಾದದ್ದು ಅವರ ಬಾಯಿಂದಲೇ. ಸಂಜೆ ಎಂದಿನಂತೆ ಬಂದು ಕುಳಿತರು, ಹೇಳಿದರು. ಮಳಿಗೆಯವನಿಗೆ ಬೇಡವೆಂದು ಹೇಳಿ ಬಂದಿದ್ದರು. ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಹಿಡಿದಿದ್ದರು. ಬಹಳ ವರ್ಷ ಹಡಗಿನಲ್ಲಿ ದುಡಿದವರು ಈಗ ಲಾರಿಗಳ ನಂಬರ್ ಬರೆದುಕೊಳ್ಳಬೇಕು. ನನಗೆ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅವರೇ, "ಆ ಪರೀಕ್ಷಾ ಮಾಡಿದಾಂವಗ ಒಂದು ಮಾತು ಕೇಳಬೇಕಾಗೈತ್ರಿ. ಅಂವಗ ಹೆಂಗ ಅನಸ್ತೈತಿ ಈಗ?" ಎಂದರು. ನಾನು ಏನು ಮಾಡಿದೆ ಗೊತ್ತೇ? "ಅಂಥವರಿಗೆ ಜವಾಬ್ದಾರಿ ಅನ್ನೋದೇ ಇರಲ್ಲ ಬಿಡಿ" ಎಂದೆ. ಮರುದಿನ ಬಂದರು, ಮತ್ತೆ ಅದೇ ಮಾತು. ಅದರ ಮರುದಿನವೂ. ಕೆಲಸ ಮುಗಿಸಿ, ಮನೆಯಲ್ಲಿ ಬೂಟು ಬಿಚ್ಚಿಟ್ಟು, ಧೂಳು ತುಂಬಿದ ಮೈಯಲ್ಲೇ ನಮ್ಮಲ್ಲಿಗೆ ಬರುತ್ತಿದ್ದರು. ನಾನು ದಿನಕ್ಕೊಂದು ಹೊಸ ಬೈಗುಳ ಹುಡುಕಿ ನಿಪ್ಪಟ್ಟಿಗೆ ಕೊಡುತ್ತಿದ್ದೆ. ಹೆಂಡತಿ ಚಹಾ ಇಟ್ಟು ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ಹಣ ಹೋದ ದಿನವೇ ಅವಳಿಗೆ ಎಲ್ಲವನ್ನೂ ಹೇಳಿದ್ದೆ.

ಹೀಗೆ ಒಂದೂವರೆ ತಿಂಗಳು ಕಳೆದ ಮೇಲೆ ಭಟ್ಟರ ಫೋನ್ ಬಂತು. ಪೊಲೀಸರಿಗೆ ದೂರು ಕೊಡಲು ಒಬ್ಬಳು ಎಲ್ಲ ಸಿದ್ಧ ಮಾಡಿದ್ದಾಳೆ, ನೀವೊಮ್ಮೆ ಬಂದು ಹೋಗಬೇಕು ಎಂದರು. ರೈಲು ಹತ್ತಿ ಹೋದೆ. ಭವಾನಿಪುರಂನ ಒಂದು ಮನೆ. ಬಾಗಿಲು ತೆರೆದವಳಿಗೆ ಮೂವತ್ತು ವರ್ಷವಿರಬಹುದು, ಸಹನಾ ಎಂದು ಹೆಸರು. ನಾನು "ಭಟ್ಟರು ಕಳಿಸಿದರು" ಎಂದು ಇಷ್ಟೇ ಹೇಳಿದ್ದು. "ನಿಪ್ಪಟ್ಟು ಅಂಕಲ್ ಕದಾ? ರಂಡಿ, ಒಳಗೆ ಬನ್ನಿ" ಎಂದಳು. ಅವಳು ಪುಳಿಹೋರ.

ಅದೇ ವೆಬ್‌ಸೈಟಿನಲ್ಲಿ ಆಕೆಯೂ ನಮಗಿಂತ ಮೊದಲೇ ಕಳೆದುಕೊಂಡಿದ್ದಳು, ಒಂದು ತೆಲುಗು ಬಳಗದಲ್ಲಿ. ಅಲ್ಲಿ ಅಪ್ಪಟ ಗುಂಟೂರಿನ ತೆಲುಗು ಆಡುವವನೊಬ್ಬ ನಂಬಿಸಿದ್ದನಂತೆ. ಭಟ್ಟರ ಹೋಟೆಲಿನಲ್ಲಿ ನಮ್ಮ ಬಳಗದ ಸುದ್ದಿ ಕೇಳಿ, ಎಚ್ಚರಿಸಲು ಫೋನ್ ಮಾಡಿದ್ದಳು. ನಾನು ನಕಲಿ ಎಂದ ಮೇಲೆ ಭಟ್ಟರೂ ಅವಳಿಗೆ ಕಿವಿಗೊಟ್ಟಿರಲಿಲ್ಲ. ನಾಣ್ಯಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ಹಾಳೆಗಳಲ್ಲಿ ಬರೆದಿಟ್ಟಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ. "ಆವತ್ತು ನಾನು ನಿನ್ನ ಮಾತು ಪೂರ್ತಿ ಕೇಳಬೇಕಿತ್ತಮ್ಮ" ಎಂದೆ. "ಪರವಾಗಿಲ್ಲ ಅಂಕಲ್. ಅಮ್ಮನ ಹತ್ತಿರ ಮಾತಾಡು ಅಂದ್ರಲ್ಲ, ಅದೇ ಸ್ವಲ್ಪ ಬಾಧೆ ಆಯಿತು. ಅಮ್ಮ ಹೋಗಿ ನಾಲ್ಕು ವರ್ಷ ಆಯಿತಂಡಿ" ಎಂದು ಕಾಫಿ ಲೋಟ ಮುಂದಿಟ್ಟಳು. ಆಮೇಲೆ ಅವಳೇ ವಿಷಯ ಹೇಳಿದಳು. "ಪೊಲೀಸರು ಹೆಸರು ಕೇಳ್ತಾರೆ ಅಂಕಲ್. ಕೋಡುಬಳೆ, ತಂಬಿಟ್ಟು ಅಂತ ಬರೆದುಕೊಟ್ರೆ ತಗೋತಾರಾ? ಆ ಮನುಷ್ಯನ ಹತ್ತಿರ ಎಕ್ಕುವ ಹೊತ್ತು, ಅಂದ್ರೆ ಜಾಸ್ತಿ ಹೊತ್ತು, ಮಾತಾಡಿದ್ದು ನೀವು ಒಬ್ಬರೇ. ನೀವು ಸಂತಕ ಮಾಡಿದ್ರೆ ಮಿಕ್ಕವರೂ ಮಾಡ್ತಾರೆ." ಸಂತಕ ಎಂದರೆ ಸಹಿ. ಅಲ್ಲೇ ನನ್ನ ನಿಜವಾದ ಹೆಸರು ಬರೆದು ಸಹಿ ಮಾಡಿದೆ.

ಸಹಿ ಮಾಡಿದ ಮೇಲೆ ಮಹಾಂತೇಶರಿಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಬೇಕಲ್ಲ. ಮರುದಿನ ಅವರು ಬರುವವರೆಗೆ ಕಾಯಲಿಲ್ಲ. ಸಹನಾ ಕೊಟ್ಟ ದೂರಿನ ಪ್ರತಿ ಹಿಡಿದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಹಾದ ಹೊತ್ತಿಗೆ ನಾನೇ ಮೇಲೆ ಹೋದೆ. ಅವರು ಆಗ ತಾನೇ ಬಂದು ಬೂಟು ಬಿಚ್ಚುತ್ತಿದ್ದರು. ನಿಂತೇ ಹೇಳಿಬಿಟ್ಟೆ, "ಆ ಪರೀಕ್ಷೆ ಮಾಡಿದವನು ನಾನೇ."

"ಕುಂದರ್ರಿ ಸರ" ಎಂದರು. ಇನ್ನೊಂದು ಬೂಟನ್ನೂ ಬಿಚ್ಚಿ ಬದಿಗಿಟ್ಟರು. "ಗೊತ್ತೈತ್ರಿ."

"ಯಾವಾಗಿನಿಂದ?"

"ಫೋನಿನ್ಯಾಗ ಹಲೋ ಅಂದ್ರೆಲ್ಲ, ಅವಾಗಿಂದ. ಹನ್ನೊಂದು ವರ್ಷ ಎದುರಿಗೆ ಕುಂತು ಚಾ ಕುಡದೇನಿ, ನಿಮ್ಮ ದನಿ ತಿಳಿಯಂಗಿಲ್ಲೇನ್ರಿ ನನಗ? ಆ ಗಿರ್ಮಿಟ್ ಯಾರೋ, ಅಂವನ ಊರು ಯಾವುದೋ, ಅದನ್ನ ತಗೊಂಡು ನಾ ಏನ್ ಮಾಡ್ಲಿ. ನೀವು ಹೂಂ ಅಂದೀರಿ ಅಂತ ಹಾಕಿದೆ."

ನಾನು ಕುಳಿತುಕೊಂಡೆ. "ಮತ್ತೆ ದಿನಾ ಬಂದು ಯಾರನ್ನೋ ಕೇಳಿದ ಹಾಗೆ..." ಎಂದೆ.

"ಇವತ್ತರೆ ಹೇಳ್ತಾರ, ನಾಳೆರೆ ಹೇಳ್ತಾರ ಅಂತ ಬರ್ತಿದ್ನಿರಿ" ಎಂದರು ಮಹಾಂತೇಶ. "ರೊಕ್ಕ ಹೋದ್ರ ಹೋಗ್ಲಿ, ನೀವೂ ಹೋಗಿಬಿಟ್ರೇನೋ ಅಂತ ಅಂಜಿಕಿ ಬಂದಿತ್ತು." ಅಷ್ಟು ಹೇಳಿ, ನನ್ನ ಕೈಯಲ್ಲಿದ್ದ ದೂರಿನ ಹಾಳೆ ತೆಗೆದುಕೊಂಡು, ಎಲ್ಲಿ ಸಹಿ ಮಾಡಬೇಕು ಎಂದು ಕನ್ನಡಕ ಹುಡುಕಿದರು.

ಒಂದೂವರೆ ತಿಂಗಳು ಆ ಮನುಷ್ಯ ದಿನಾ ಸಂಜೆ ನನ್ನೆದುರು ಕುಳಿತು ನನ್ನನ್ನು ಒಂದೇ ಒಂದು ಮಾತು ಕೇಳಿದ್ದರು. ನಾನು ಚಹಾ ಹೀರುತ್ತ, ಸಮುದ್ರದ ಮೇಲೆ ಅಷ್ಟು ವರ್ಷ ಕಳೆದರೂ ಬೈಲಹೊಂಗಲದ ಮಾತು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರಲ್ಲ ಎಂದು ಮನಸ್ಸಿನಲ್ಲೇ ಅವರಿಗೆ ಅಂಕ ಹಾಕುತ್ತಿದ್ದೆ.