ಮೂರು ತಾಲ್ಲೂಕಿನ ಮುಂದೆ ಫಿನ್‌ಲ್ಯಾಂಡ್

ದೂರದ ದೇಶಗಳ ವಿಷಯದಲ್ಲಿ ನಾನು ಮಹಾ ಧೈರ್ಯವಂತ. ಫಿನ್‌ಲ್ಯಾಂಡಿನ ಶಾಲೆ ಹೀಗೆ, ಜಪಾನಿನದು ಹಾಗೆ ಎಂದು ಎದೆ ತಟ್ಟಿ ಹೇಳಬಲ್ಲೆ. ಅಲ್ಲಿಂದ ಯಾರೂ ಎದ್ದು ಬಂದು ‘ಸುಳ್ಳು ಕಣ್ರೀ’ ಅನ್ನುವುದಿಲ್ಲವಲ್ಲ! ನಾನು ಕಂಡ ಅತಿ ದೂರದ ಊರು ಧರ್ಮಸ್ಥಳ. ಆದರೂ ‘ಎಲ್ಲ ಮಕ್ಕಳಿಗೂ ಶಿಕ್ಷಣ: ನಾನಾ ದೇಶಗಳ ನೀತಿಗಳ ತುಲನೆ’ ಎಂಬ ವಿಷಯದ ಮೇಲೆ ತಿಪಟೂರಿನ ಶಿಕ್ಷಕರ ಕಾರ್ಯಾಗಾರದಲ್ಲಿ ಭಾಷಣ ಮಾಡಲು ನನ್ನನ್ನೇ ಆರಿಸಿದರು. ತುರುವೇಕೆರೆ ಕಡೆಯ ಒಂದು ಪುಟ್ಟ ಹಳ್ಳಿಯ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಒಂದು ವಾರ ಮನೆಯಲ್ಲಿ ನನ್ನ ಹಾವಳಿ ಹೇಳತೀರದು. ಫಿನ್‌ಲ್ಯಾಂಡಿನಲ್ಲಿ ಪುಸ್ತಕವೂ ಊಟವೂ ಪುಕ್ಕಟೆ ಅಂದೆ, ಬ್ರೆಜಿಲ್‌ನಲ್ಲಿ ಬಡಮಕ್ಕಳು ಶಾಲೆಗೆ ಹೋದರೆ ಮನೆಗೆ ಸರ್ಕಾರದ ನೆರವು ಅಂದೆ. ಹೆಂಡತಿ ಅಡಿಗೆಮನೆಯಿಂದಲೇ, “ರೀ, ಬ್ರೆಜಿಲ್ ಮುಗೀತಾ? ಮುಗಿದಿದ್ರೆ ಈ ಕಾಯಿ ತುರಿದುಕೊಡಿ” ಅಂದಳು. ಇಂಥವರಿಗೆ ಅಂತರರಾಷ್ಟ್ರೀಯ ಪ್ರಜ್ಞೆ ಎಲ್ಲಿಂದ ಬರಬೇಕು?

ಅದೇ ವಾರ ಸಿದ್ಧರಾಜು ಮೂರನೇ ಸಲ ಶಾಲೆಗೆ ಬಂದ. ಅವನು ತೆಂಗಿನಕಾಯಿ ಸುಲಿಯುವವನು. ಯಾರ ತೋಟದಲ್ಲಿ ಕಾಯಿ ರಾಶಿ ಬಿದ್ದಿದೆಯೋ ಅಲ್ಲೇ ಸಂಸಾರ. ರಾಶಿ ಮುಗಿದರೆ ಮುಂದಿನ ಊರು. ಜೊತೆಯಲ್ಲಿ ಒಂಬತ್ತು ವರ್ಷದ ಮಗಳು ಚಂದ್ರಿಕಾ. ಅವಳನ್ನು ಶಾಲೆಗೆ ಸೇರಿಸಬೇಕು, ಅಷ್ಟೇ ಅವನ ಬೇಡಿಕೆ.

“ಹಳೇ ಶಾಲೆಯ ಟೀಸಿ ಎಲ್ಲಪ್ಪ?” ಅಂದೆ, ಮೂರನೇ ಸಲ.

“ಚಿಕ್ನಾಯ್ಕನಳ್ಳಿ ಕಡೆ ಆಧಾರ್ ಕೇಳಿದ್ರು ಸಾ, ಮಾಡಿಸ್ದೆ. ತಿಪ್ಟೂರ್ ಕಡೆ ಹುಟ್ಟಿದ್ ಸರ್ಟಿಫಿಕೇಟ್ ಅಂದ್ರು. ಅದು ಬರೋ ಹೊತ್ಗೆ ತೋಟದಾಗೆ ಕಾಯೇ ಮುಗ್ದೋಯ್ತು. ಈಗ ನೀವು ಟೀಸಿ ಅಂತೀರಿ. ಯಾರೂ ಸೇರಿಸ್ಕಂಡೇ ಇಲ್ಲ, ಟೀಸಿ ಯಾರ್ ಕೊಡ್ತಾರೆ ಸಾ?”

ಆಮೇಲೆ ಅವನೇ ನನಗೆ ಸಮಾಧಾನ ಹೇಳಿದ: “ಎಲ್ಲಾ ಕಡೇನೂ ಒಳ್ಳೇ ಮೇಷ್ಟ್ರುಗಳೇ ಬುಡಿ. ಕೂರಿಸ್ತಾರೆ, ನೀರು ಕೊಡ್ತಾರೆ. ಸೇರಿಸ್ಕಳಲ್ಲ, ಅಷ್ಟೇಯ.”

ನಾನು ವಾರವಿಡೀ ಒದ್ದಾಡಿ ಬರೆದ ತುಲನೆಯನ್ನು ಈ ಮನುಷ್ಯ ನಿಂತ ನಿಲುವಿನಲ್ಲೇ ಮುಗಿಸಿದ್ದ. ನಿಜ ಹೇಳುತ್ತೇನೆ, ಕಾಗದವಿಲ್ಲವೆಂದು ಮಗುವನ್ನು ವಾಪಸು ಕಳಿಸಬಾರದೆಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ನನಗೆ ಭಯವಿರುವುದು ಕಾನೂನಿನದಲ್ಲ, ಕಂಪ್ಯೂಟರಿನದು. ದಾಖಲಾತಿಯಲ್ಲಿ ಹಳೆಯ ಶಾಲೆಯ ನಂಬರಿನ ಖಾನೆ ಖಾಲಿ ಬಿಟ್ಟರೆ ಅದು ಕೆಂಪಗಾಗುತ್ತದೆ. ಅದು ಕೆಂಪಗಾದರೆ ನಾನು ಬೆಳ್ಳಗಾಗುತ್ತೇನೆ. ಅಷ್ಟರಲ್ಲಿ ನಾಲ್ಕನೇ ತರಗತಿಯಲ್ಲಿ ಏಳರ ಮಗ್ಗಿ ಏಳೆಂಟ್ಲಿಗೆ ಬಂದು ನಿಂತುಹೋಯಿತು. ಕಿಟಕಿಯಾಚೆಯಿಂದ ಚಂದ್ರಿಕಾ, “ಐವತ್ತಾರು” ಅಂದಳು. “ಹೊರಗಿನವರು ಉತ್ತರ ಹೇಳಬಾರದು” ಎಂದು ಗದರಿದೆ. ಶಿಸ್ತು ಇರಬೇಕಲ್ಲ!

ಕಾರ್ಯಾಗಾರದಲ್ಲಿ ನನ್ನ ಭಾಷಣ ಭರ್ಜರಿಯಾಯಿತು. “ಒಂದು ಕಾಗದಕ್ಕಾಗಿ ಒಂದೇ ಒಂದು ಮಗುವೂ ಬಾಗಿಲಿನಿಂದ ಹಿಂದಿರುಗಬಾರದು!” ಎಂದಾಗ ಬಿದ್ದ ಚಪ್ಪಾಳೆಗೆ ಮೈಕೇ ಕಿರ್ರೆಂದಿತು. ಶಾಲು ಹೊದಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ಶಾಲಿನೊಳಗೆ ಸೆಕೆಯೋ ನಾಚಿಕೆಯೋ, ಬೆವತುಹೋದೆ. ಅಲ್ಲ, ನಾಚಿಕೆಯೇ. ಕಂಪ್ಯೂಟರ್ ಹಾಳಾಗಿ ಹೋಗಲಿ, ಬೆಳಗ್ಗೆ ಮೊದಲ ಕೆಲಸವೇ ಚಂದ್ರಿಕಾಳ ದಾಖಲಾತಿ ಎಂದು ತೀರ್ಮಾನಿಸಿದೆ.

ಬೆಳಗ್ಗೆ ಸಿದ್ಧರಾಜು ನನಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದ. ಹಿಂದೆ ಪಾತ್ರೆ, ಚಾಪೆ ತುಂಬಿದ ಆಟೋ, ಅದರೊಳಗೆ ಚಂದ್ರಿಕಾ.

“ಇಲ್ಲಿ ಕಾಯಿ ಮುಗೀತು ಸಾ. ಅಮ್ಮಸಂದ್ರದ ಕಡೆ ಹೊಂಟೀವಿ. ಏನಾರ ಒಂದ್ ಕಾಗ್ದ ಕೊಡಿ, ಅಲ್ಲಿ ಸ್ಕೂಲಲ್ಲಿ ಕೇಳ್ತಾರೆ.”

ಇವತ್ತೇ ಸೇರಿಸಿಕೊಂಡು ಇವತ್ತೇ ಟೀಸಿ ಕೊಟ್ಟುಬಿಡಲೇ ಎಂದುಕೊಂಡೆ. ಆ ಕೆಂಪು ಖಾನೆ ನೆನಪಾಗಿ ಕೈ ಬರಲಿಲ್ಲ. ನಮ್ಮಲ್ಲಿ ಓದಿದ್ದಾಳೆ ಎಂದು ಸುಳ್ಳು ಬರೆಯುವಂತೆಯೂ ಇಲ್ಲ. ಕೊನೆಗೆ ಶಾಲೆಯ ಹೆಸರಿರುವ ಹಾಳೆ ತೆಗೆದು, ಬರೆಯಬಹುದಾದ ಒಂದೇ ಸತ್ಯವನ್ನು ಬರೆದೆ: ‘ಚಂದ್ರಿಕಾ ಎಂಬ ಈ ಮಗುವನ್ನು ನಮ್ಮ ಶಾಲೆಗೆ ಸೇರಿಸಿಕೊಂಡಿರುವುದಿಲ್ಲ.’ ಸಹಿ ಮಾಡಿ ಸೀಲು ಒತ್ತಿದೆ.

“ಏನ್ ಬರ್ದೀರಿ ಸಾ?” ಅಂದ. ಓದಿ ಹೇಳಿದೆ.

ಅವನು ಕಾಗದವನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡ. “ನಿಮ್ ಸ್ಕೂಲೇ ವಾಸಿ ಬುಡಿ ಸಾ” ಅಂದ. “ಬ್ಯಾರೆಯವ್ರು ಬರೀ ಬಾಯಲ್ಲಿ ಇಲ್ಲ ಅಂದ್ರು. ನೀವು ಬರ್ದು ಸೀಲ್ ಹಾಕ್ಕೊಟ್ರಿ.”