ಅತ್ತೆಯವರ ಎರಡನೇ ಮದುವೆ ಫೋಟೋ

ಫಿಲಂ ರೀಲಿನ ಕಾಲ ಮುಗಿಯಿತೆಂದು ಫೋಟೋಗ್ರಾಫರುಗಳು ಚಿಂತಿಸಬೇಕೇ? ಕೂಡದು! ನಾನಿರುವತನಕ ಆ ಚಿಂತೆ ಯಾರಿಗೂ ಬೇಡವೆಂದು ಚಿಂತಾಮಣಿಯ ನಮ್ಮ ಕಚೇರಿಯಲ್ಲಿ ದಿನಾ ಟೀ ಹೊತ್ತಿಗೆ ಘೋಷಿಸುತ್ತಿದ್ದೆ. ನಾನು ವೃತ್ತಿಯಿಂದ ಗುಮಾಸ್ತ. ಫೋಟೋಗ್ರಾಫರ್ ಎಂಬ ಬಿರುದು ನಾನೇ ಕೊಟ್ಟುಕೊಂಡದ್ದು. ಅದಕ್ಕೆ ಆಧಾರ, ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ರೀಲ್ ಕ್ಯಾಮೆರಾ.

ಅಷ್ಟರಲ್ಲಿ ಜಂಗಮಕೋಟೆಯಲ್ಲಿ ಮಾವನವರ ಷಷ್ಟಿಪೂರ್ತಿ ಬಂತು. ಅರವತ್ತು ತುಂಬಿದ ಮಾವ ಅತ್ತೆಗೆ ಮತ್ತೊಮ್ಮೆ ತಾಳಿ ಕಟ್ಟಬೇಕು. ಅತ್ತೆಗೆ ಬೇಕಾಗಿದ್ದದ್ದು ಅದರ ಫೋಟೋ. ಅವರ ಮದುವೆಯಲ್ಲಿ ಫೋಟೋದವನ ರೀಲಿಗೆ ಬೆಳಕು ಬಿದ್ದು ಎಲ್ಲ ಹಾಳಾಗಿತ್ತಂತೆ. ಇಷ್ಟು ವರ್ಷ ಒಂದೂ ಮದುವೆ ಫೋಟೋ ಇಲ್ಲದೆ ಸಂಸಾರ ಮಾಡಿದ್ದರು. ಈ ಸಲದ ಫೋಟೋಗೆಂದು ನಡುಮನೆಯ ಗೋಡೆಗೆ ಮೊದಲೇ ಮೊಳೆ ಹೊಡೆಸಿಟ್ಟಿದ್ದರು.

"ಸ್ಟುಡಿಯೋದವ್ರನ್ನ ಕರ್ಸಣ ಕಣ್ರೀ" ಎಂದಳು ನನ್ನ ಹೆಂಡತಿ ಸುಮ.

"ಅವ್ರು ಸಾವಿರ ಹೊಡ್ದು ಪೆನ್‌ಡ್ರೈವ್‌ಗೆ ತುಂಬಿ ಕೊಡ್ತಾರೆ. ಯಾರು ನೋಡ್ತಾರೆ? ನಾನು ತೆಗೀತೀನಿ. ರೀಲಲ್ಲಿ!"

"ರೀಲ್ ಹಾಕಕ್ಕೆ ಬರತ್ತಾ ನಿಮ್ಗೆ?"

ಇಂಥ ಅವಮಾನಕರ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಅಷ್ಟಕ್ಕೇ ಸುಮ್ಮನಿದ್ದರೆ ಮಾನ ಸ್ವಲ್ಪ ಉಳಿಯುತ್ತಿತ್ತು. ಮುಹೂರ್ತಕ್ಕೆ ಸರಿಯಾಗಿ ನೆಂಟರೆಲ್ಲ ಮೊಬೈಲ್ ಎತ್ತಿ ಹಿಡಿದರು. ನನ್ನ ಕಲೆಗೆ ಅಡ್ಡಿ! ಯಾರೂ ಮೊಬೈಲ್ ಮುಟ್ಟಕೂಡದೆಂದು ಆಜ್ಞೆ ಮಾಡಿದೆ. ಬೇರೆ ಯಾರಾದರೂ ಹೇಳಿದ್ದರೆ ಉಗಿಯುತ್ತಿದ್ದರು. ಆದರೆ ಮನೆ ಅಳಿಯನ ಮಾತು, ತೆಗೆದುಹಾಕುವಂತಿಲ್ಲ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಯೊಂದನ್ನು ನೆಲಕ್ಕೆ ಹಾಕಿದರು. ಮೊಬೈಲುಗಳೆಲ್ಲ ಹಣ್ಣಾದ ಹುಳುಗಳ ಹಾಗೆ ಅದರ ಸುರುಳಿಯೊಳಗೆ ಮಲಗಿದವು.

ಮಾವ ತಾಳಿ ಕಟ್ಟಿದರು. ನಾನು ಬಗ್ಗಿ, ಮಂಡಿಯೂರಿ, ಪುರೋಹಿತರ ಕಾಲು ತುಳಿದು ಕ್ಲಿಕ್ಕಿಸಿದೆ. ಒಂದು ರೀಲಿಗೆ ಮೂವತ್ತಾರು ಫೋಟೋ. ನೆಂಟರೆಲ್ಲ ಉಂಡು ಎದ್ದರೂ ನನ್ನ ಕ್ಯಾಮೆರಾ ಕ್ಲಿಕ್ ಅನ್ನುತ್ತಲೇ ಇತ್ತು.

"ಇನ್ನೂ ಮುಗೀಲಿಲ್ವಾ ಅದು?" ಸುಮ ಕೇಳಿದಳು.

"ಹಳೇ ಕಾಲದ ಮಾಲು ಕಣೇ. ಕೊಡುಗೈ!"

ರೀಲನ್ನು ತೊಳೆಯಲು ಬೆಂಗಳೂರಿಗೆ ಕಳಿಸಿದೆ. ಅಲ್ಲಿಂದ ಫೋನ್ ಬಂತು.

"ಸಾರ್, ಒಂದು ಫೋಟೋನೂ ಬಂದಿಲ್ಲ. ರೀಲು ಒಳಗೆ ಸುತ್ಕೊಂಡೇ ಇಲ್ಲ."

ರೀಲಿನ ತುದಿಯನ್ನು ನಾನು ಸರಿಯಾಗಿ ಸಿಕ್ಕಿಸಿಯೇ ಇರಲಿಲ್ಲ. ಕ್ಯಾಮೆರಾ ಅರಚಿದ್ದೇ ಬಂತು, ರೀಲು ಕೂತಲ್ಲಿಂದ ಅಲುಗಿರಲಿಲ್ಲ.

ಜಂಗಮಕೋಟೆಗೆ ಹೋದೆವು. ಅತ್ತೆ ಮೊದಲು ಮುದ್ದೆ ಬಡಿಸಿದರು. ಆಮೇಲೆ ಮೊಳೆಯ ಕಡೆ ನೋಡಿ, "ಫೋಟೋ ತಂದ್ರಾ ಅಳಿಯಂದ್ರೇ?" ಎಂದರು. ಮುದ್ದೆ ಮುರಿಯುತ್ತಲೇ ನಡೆದದ್ದನ್ನೆಲ್ಲ ಹೇಳಿದೆ.

ಅವರು ಬಯ್ಯಲಿಲ್ಲ. "ಹೋಗ್ಲಿ ಬಿಡ್ರಪ್ಪ. ಆವತ್ತೂ ಹಿಂಗೇ ಆಯ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾವ ನಿಟ್ಟುಸಿರು ಬಿಟ್ಟರು. "ಆವತ್ತಿನ ಫೋಟೋದವ್ನು ಹೊರಗಿನವ್ನು, ಚೆನ್ನಾಗಿ ಬಯ್ದಿದ್ದೆ. ಇವ್ರು ಅಳಿಯಂದ್ರು. ಏನಂತ ಬಯ್ಲಿ!"

ಸುಮ ಎದ್ದಳು. "ಅಮ್ಮ, ಅದೇ ಸೀರೆ ಉಟ್ಕೊಂಡ್ ಬಾ. ಅಪ್ಪ, ನೀನೂ ಬಾ."

"ಮೂರನೇ ಸಲಾನೇನಮ್ಮ!" ಮಾವ ಈ ವಯಸ್ಸಿನಲ್ಲೂ ನಾಚಿದರು.

"ತಾಳಿ ಬಿಚ್ಚೋದು ಬೇಡ. ಕಟ್ಟೋ ಥರ ಹಿಡ್ಕೊಂಡು ನಿಂತ್ಕೋ, ಸಾಕು."

ಅಂಗಳದಲ್ಲಿ ಇಬ್ಬರೂ ನಿಂತರು. ಸುಮ ಮೊಬೈಲ್ ಹಿಡಿದಳು. ಪ್ರಾಯಶ್ಚಿತ್ತಕ್ಕೆಂದು ನಾನೂ ಅವಳ ಪಕ್ಕ ನಿಂತು ಸಲಹೆ ಕೊಡತೊಡಗಿದೆ. "ಮಾವ, ಗದ್ದ ಸ್ವಲ್ಪ ಮೇಲೆ..."

"ರೀ! ದಮ್ಮಯ್ಯ, ಸರ್ಕೊಳ್ರೀ ಆಕಡೆ!"

ಮಗಳು ನನ್ನನ್ನು ಗದರಿದ್ದಕ್ಕೆ ಅತ್ತೆ ನಕ್ಕುಬಿಟ್ಟರು. ಸುಮ ಆಗಲೇ ಫೋಟೋ ಹೊಡೆದಳು. ನಾನು ಸರಿದಿದ್ದೆ ನಿಜ, ಬಿಸಿಲಿಗೆ ಅಡ್ಡವಾಗಿ.

ಆಮೇಲೆ ಎಷ್ಟು ತೆಗೆದರೂ ಅತ್ತೆ ಅಷ್ಟು ಚೆನ್ನಾಗಿ ನಗಲಿಲ್ಲ. ಹಾಗಾಗಿ ಮೊಳೆಗೆ ಏರಿದ್ದು ಅದೇ. ಮಾವನ ಅಂಗಿಯಿಂದ ಅತ್ತೆಯ ಕೆನ್ನೆಯತನಕ ಕಪ್ಪು ನೆರಳು. ಬಂದವರೆಲ್ಲ ಕೇಳುತ್ತಾರೆ, "ಇದೇನಮ್ಮ, ಕಪ್ಪಗೆ?"

ಅತ್ತೆ ಮರ್ಯಾದೆಯಿಂದಲೇ ಹೇಳುತ್ತಾರೆ:

"ಅದಾ? ಅದು ನಮ್ ಅಳಿಯಂದ್ರು."