ಅತ್ತೆಯ ಪ್ರಸ್ಥಾನ

ನನ್ನ ಸೋದರತ್ತೆಯಷ್ಟು ಸಲ ಪ್ರವಾಸ ಹೊರಟವರು ಇಡೀ ಪುಣೆಯಲ್ಲಿ ಇನ್ನೊಬ್ಬರು ಸಿಗಲಾರರು. ಎಲ್ಲಿಗೂ ಹೋಗಿ ಮುಟ್ಟಿಲ್ಲ, ಅಷ್ಟೇ!

ಅವಳಿಗಿದ್ದುದು ಒಂದೇ ಆಸೆ: ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಬೇಕು. ಧಾರವಾಡದಲ್ಲಿ ಹುಟ್ಟಿ, ಪುಣೆಯಲ್ಲಿ ತಮ್ಮನ, ಎಂದರೆ ನನ್ನ ತಂದೆಯ, ಮನೆಯಲ್ಲಿ ತಲೆ ನರೆಸಿಕೊಂಡವಳು ಸಮುದ್ರವನ್ನೇ ಕಂಡಿರಲಿಲ್ಲ. ಪ್ರತಿ ಬೇಸಿಗೆ ರಜೆಗೂ ಸಿದ್ಧತೆ, ಪ್ರತಿ ಸಲವೂ ವಿಘ್ನ! ಒಮ್ಮೆ ನನಗೆ ಕಾಮಾಲೆ. ಇನ್ನೊಮ್ಮೆ ಟಾಂಗಾದ ಕುದುರೆ ನಡುದಾರಿಯಲ್ಲಿ ಮುನಿಸಿಕೊಂಡು ನಿಂತು ರೈಲು ತಪ್ಪಿತು. ನಾವೆಲ್ಲ ಮುಖ ಊದಿಸಿಕೊಂಡು ಕುಳಿತರೆ ಅತ್ತೆ ಕಡಬು ಮಾಡಲು ಎದ್ದಳು!

“ದೇವರು ಬ್ಯಾಡ ಅಂದಾನ. ಆ ರೈಲು ಬಿದ್ದಿದ್ರ?”

“ಅದು ಸುಖವಾಗಿ ಊರು ಮುಟ್ಟೇದ, ಅತ್ಯಾ.”

“ಮುಟ್ಟದ ಏನು ಮಾಡೀತು? ನಾವು ಹತ್ತಿರಲಿಲ್ಲಲ್ಲ!”

ಕಾಲೇಜಿನಲ್ಲಿ ನಾನು ಓದುತ್ತಿದ್ದ ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಮರುವರ್ಷ ಶನಿವಾರದ ರೈಲು ನಿಶ್ಚಯವಾಯಿತು. ಪಂಚಾಂಗ ನೋಡಿದರೆ ಶನಿವಾರ ಮುಹೂರ್ತವೇ ಇಲ್ಲ! ಅದಕ್ಕೂ ಉಪಾಯವುಂಟಲ್ಲ? ಒಳ್ಳೆಯ ದಿನ ನೋಡಿ ಒಂದು ಗಂಟನ್ನು ನೆರೆಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಆರಂಭವಾದ ಹಾಗೆ. ಇದೇ ‘ಪ್ರಸ್ಥಾನ’ ಇಡುವುದು. ಹೊರಡುವ ದಿನ ಗಂಟನ್ನು ಎತ್ತಿಕೊಂಡರಾಯಿತು. ಗುರುವಾರ ಅತ್ತೆ ಸಮುದ್ರಸ್ನಾನಕ್ಕೆಂದು ತೆಗೆದಿರಿಸಿದ್ದ ಸೀರೆಯನ್ನು ಗಂಟು ಕಟ್ಟಿ, ನಾವೆಲ್ಲ ‘ಬಾಯಿ’ ಎನ್ನುತ್ತಿದ್ದ ಎದುರುಮನೆಯ ಮರಾಠಿ ಹೆಂಗಸಿನ ಪಡಸಾಲೆಯಲ್ಲಿ ಇಟ್ಟುಬಂದಳು.

ಶನಿವಾರ ಟಾಂಗಾ ಬಂದು ನಿಂತಿದೆ, ಎದುರುಮನೆಗೆ ಬೀಗ! ಅವರು ರಜೆಗೆಂದು ಬೆಳಗಾಗುವ ಮುನ್ನವೇ ಕೊಂಕಣದ ತಮ್ಮ ಊರಿಗೆ ಹೊರಟುಹೋಗಿದ್ದರು. ಕಿಟಕಿಯಿಂದ ಇಣುಕಿದೆ. ಪಡಸಾಲೆ ಖಾಲಿ. ಅವರ ಗಂಟುಗಳ ಜೊತೆ ನಮ್ಮದೂ ಹೋಗಿತ್ತು!

“ಬ್ಯಾರೆ ಸೀರಿ ತಗೊಂಡು ನಡಿ ಅಕ್ಕಾ,” ಎಂದರು ಅಪ್ಪ.

“ಹುಚ್ಚಪ್ಪಾ, ನನ್ನ ಪ್ರಯಾಣ ಆ ಕಡೆ ಹೊಂಟದ. ನಾ ಈ ಕಡೆ ಹೊಂಟ್ರ ಇಬ್ಬರೂ ಕೂಡೋದು ಎಲ್ಲಿ?”

ಟಾಂಗಾ ಬರಿದೇ ಹಿಂದಿರುಗಿತು. ನನಗೆ ರೇಗಿಹೋಯಿತು.

“ನಿನ್ನ ದೇವರಿಗೆ ಸಮುದ್ರದ ಮ್ಯಾಲೆ ಏನು ಸಿಟ್ಟು ಅತ್ಯಾ?”

“ಸಿಟ್ಟಲ್ಲವಾ, ಅವಗ ಏನೋ ಗೊತ್ತದ,” ಎಂದು ನಗುತ್ತಾ ಕೊಬ್ಬರಿ ತುರಿಯಲು ಕುಳಿತಳು. ಮತ್ತೆ ಕಡಬು!

ರಜೆ ಮುಗಿಯುವ ಹೊತ್ತಿಗೆ ಎದುರುಮನೆಯ ಬಾಯಿ ಗಂಟು ಹಿಡಿದು ಓಡಿಬಂದಳು. “ಅಗಬಾಯಿ!” ಎಂದು ತನ್ನ ಮರಾಠಿಯ ‘ಅಯ್ಯಯ್ಯೋ’ದಿಂದ ಆರಂಭಿಸಿದವಳು ಕ್ಷಮೆ ಕೇಳಿದ್ದೇ ಕೇಳಿದ್ದು. ಅವರ ಊರಿಗೆ ಹಡಗಿನಲ್ಲೇ ಹೋಗಬೇಕು; ಅದರಿಂದ ದಡಕ್ಕೆ ಒಯ್ಯುವ ದೋಣಿಗೆ ಇಳಿಸುವಾಗ ಸಮುದ್ರದ ತೆರೆ ಬಡಿದು ಗಂಟು ಪೂರ್ತಿ ತೊಯ್ದಿತ್ತಂತೆ. ಸೀರೆಯನ್ನು ಬಿಸಿಲಿಗೆ ಒಣಗಿಸಿ ತಂದಿದ್ದಳು.

“ನೋಡ್ರೋ!” ಅತ್ತೆಯ ಕೂಗು ಹತ್ತಾರು ಸಂಸಾರಗಳಿದ್ದ ಇಡೀ ವಾಡೆಗೆ ಕೇಳಿಸಿತು. “ನನಗಿಂತ ಮೊದಲ ನನ್ನ ಸೀರಿ ಸಮುದ್ರಸ್ನಾನ ಮುಗಿಸಿ ಬಂತು!”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಮಧ್ಯಾಹ್ನ ನಾನು ಆ ಸೀರೆಯನ್ನು ಒಗೆಯುವ ಕಲ್ಲಿಗೆ ಒಯ್ದೆ. ಮಡಿಯ ಮನೆ ನಮ್ಮದು. ಪರರ ಕೈ ಸೋಕಿದ ಬಟ್ಟೆ ನೀರು ಕಾಣದೆ ಒಳಗೆ ಬರುವಂತಿಲ್ಲ, ಅದು ಅತ್ತೆಯದೇ ಕಟ್ಟಪ್ಪಣೆ. ಕೊಡ ಬಗ್ಗಿಸುವಷ್ಟರಲ್ಲಿ ಅವಳೇ ಓಡಿಬಂದು ಸೀರೆ ಕಸಿದುಕೊಂಡಳು. ಉಪ್ಪಿನಿಂದ ಬಿರುಸಾಗಿದ್ದ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತಳು. ಈಗ ನಗುತ್ತಿರಲಿಲ್ಲ.

“ಒಗೀಬ್ಯಾಡವಾ,” ಎಂದಳು ಮೆಲ್ಲಗೆ. “ಆ ದೇವರು ಕಳಿಸ್ಯಾನ. ಒಗದ್ರ ಸಮುದ್ರ ಹೋಗಿಬಿಡ್ತದ.”